ಬರಬಹುದು, ಬರತಕ್ಕದ್ದು

ಕರ್ನಾಟಕದ ಅರ್ಧ ಕಾನೂನುಗಳನ್ನು ಬರೆದವಳು ನಾನು. ಇಂಡಿ ಊರಿನ ನಮ್ಮ ಅಡಿಗೆಮನೆಯಲ್ಲಿ, ಎಡಗೈಯಿಂದ ರೊಟ್ಟಿ ಬಡಿಯುತ್ತ ಬಲಗೈಯಿಂದ ಬರೆದೆ. ಉಳಿದರ್ಧ ನನ್ನ ಗಂಡ ಬರೆದದ್ದು. ತಪ್ಪುಗಳೆಲ್ಲ ಆ ಅರ್ಧದಲ್ಲಿವೆ. ನಾನು ಇಲ್ಲಿ ರೊಟ್ಟಿ ಬಡಿದರೆ ವಿಜಯಪುರದ ಗೋಳಗುಮ್ಮಟದೊಳಗೆ ಆ ಸಪ್ಪಳ ಏಳು ಸಲ ಕೇಳಿಸುತ್ತದೆ ಎಂದು ಅಲ್ಲಿಯ ಕಾವಲುಗಾರನೇ ಹೇಳಿದ್ದಾನೆ. ನಂಬಿಕೆ ಬಾರದವರು ಅವನನ್ನೇ ಕೇಳಬಹುದು. ಅವನೀಗ ನಿವೃತ್ತನಾಗಿ ಸೊಲ್ಲಾಪುರದ ಕಡೆ ಎಲ್ಲೋ ಇದ್ದಾನೆ. ಹೆಸರು ಮಾತ್ರ ನೆನಪಿಲ್ಲ.

ನಾನು ಶಮ್ಶುನ್ನೀಸಾ. ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ಅಕ್ಕೋರು. ತವರು ಹಲಸಂಗಿ. ಹಲಸಂಗಿಯಲ್ಲಿ ಹುಟ್ಟಿದವರಿಗೆ ಯಾರೂ ಮಾತು ಕಲಿಸುವುದಿಲ್ಲ, ನಾವು ತೊಟ್ಟಿಲಲ್ಲೇ ಪ್ರಾಸ ಹಾಕಿ ಅಳುತ್ತೇವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳಲ್ಲಿ ನನ್ನ ಕೈಯಿಂದ ಪೆಟ್ಟು ತಿನ್ನದ ಗಂಡಸು ಹುಟ್ಟಿಲ್ಲ. ಹುಟ್ಟಿದ್ದರೆ ಅವನು ಇಂಗ್ಲಿಷ್ ಮೀಡಿಯಮ್ಮಿನವನು. ಇವತ್ತಿಗೂ ನಾನು ತಹಶೀಲ್ದಾರ ಕಚೇರಿಯ ಮೆಟ್ಟಿಲು ಹತ್ತಿದರೆ ಒಳಗಿದ್ದವರೆಲ್ಲ ಎದ್ದು ನಿಂತು, ಅಂಗೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತಾರೆ.

ನನ್ನ ಗಂಡ ಡಾಕ್ಟರ್ ಜೈನುದ್ದೀನ ಹೊರ್ತಿ. ಮದ್ದು ಕೊಡುವ ಡಾಕ್ಟರಲ್ಲ, ಕಾನೂನಿನ ಡಾಕ್ಟರು. ಪಿಎಚ್.ಡಿ. ಆದ ಹೊಸದರಲ್ಲಿ ತಮ್ಮ ಊರು ಹೊರ್ತಿಗೆ ಹೋದಾಗ ಮೊಣಕಾಲು ತೋರಿಸಲು ಬಂದವರ ಸಾಲು ಹಳ್ಳ ದಾಟಿ ಹೋಗಿತ್ತು. ಇವರು ಪ್ರತಿಯೊಬ್ಬರಿಗೂ ಹೊಲಕ್ಕೆ ಹೋಗುವ ಹಾದಿಯ ಹಕ್ಕಿನ ಬಗ್ಗೆ ವಿವರಿಸಿ ಕಳಿಸಿದರು. ಅದೇ ಇವರ ಪಿಎಚ್.ಡಿ. ವಿಷಯ. ಕೇಳಿದವರೆಲ್ಲ ಕುಂಟು ಬಿಟ್ಟು ಓಡಿಹೋದರು.

ನಮ್ಮ ನಿಕಾಹದ ದಿನವೇ ನನಗೆ ಈ ಮನುಷ್ಯನ ಗುಣ ಗೊತ್ತಾಗಿತ್ತು. ಖಾಜಿ ಸಾಹೇಬರು ಕಬೂಲೇ ಎಂದು ಕೇಳಿದರೆ ಇವರು, "ಷರತ್ತು ಇನ್ನೊಮ್ಮೆ ಓದ್ರಿ, ಎರಡನೇದರಾಗ ಒಂದು ಅಕ್ಷರ ಹೆಚ್ಚಿಗಿ ಬಿದ್ದಂಗ ಐತಿ," ಎಂದರು. ಅದನ್ನು ತಿದ್ದಿಸುವ ಹೊತ್ತಿಗೆ ಬಿರಿಯಾನಿ ತಣ್ಣಗಾಗಿ, ಹಲಸಂಗಿಯ ಹಿರಿಯರು ಇವತ್ತಿಗೂ ಆ ಹಸಿವನ್ನು ನೆನೆದು ನಿಟ್ಟುಸಿರು ಬಿಡುತ್ತಾರೆ.

ಆಗ ಇವರು ವಿಜಯಪುರದಲ್ಲಿ ಕಾನೂನು ಕಲಿಸುತ್ತಿದ್ದರು. ಒಂದು ದಿನ ಸರ್ಕಾರದವರು, ಎರಡೇ ಎರಡು ವರ್ಷದ ಮಟ್ಟಿಗೆ ಎಂದು ಬೆಂಗಳೂರಿಗೆ ಕರೆಸಿಕೊಂಡರು. ಇಂಗ್ಲಿಷಿನಲ್ಲಿದ್ದ ಕಾಯ್ದೆಗಳನ್ನು ಕನ್ನಡಕ್ಕೆ ತರುವ ಕೆಲಸ. ಆ ಎರಡು ವರ್ಷ ಮುಗಿಯುವುದರೊಳಗೆ ಇನ್ನೊಂದು ಮಸೂದೆ ಬಂತು. ಅದು ಮುಗಿಯುವುದರೊಳಗೆ ಪಿಎಚ್.ಡಿ. ಆಮೇಲೆ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು, ಅಲ್ಲಿಂದ ಮತ್ತೆ ಸರ್ಕಾರಕ್ಕೆ ಸಲಹೆಗಾರರು, ಅಲ್ಲಿಂದ ದೆಹಲಿಯ ಸಮಿತಿ, ಮರಳಿ ಬಂದು ಕಾನೂನು ಶಾಲೆಯೊಂದರ ನಿರ್ದೇಶಕರು. ದೆಹಲಿಯಲ್ಲಿ ಇವರು ಎದ್ದು ನಿಂತರೆ ಮಂತ್ರಿಗಳು ಕೂತುಬಿಡುತ್ತಿದ್ದರಂತೆ. ಇವರು ಮಾತು ಶುರುಮಾಡಿದರೆ ಮಲಗಿಯೇ ಬಿಡುತ್ತಿದ್ದರಂತೆ. ಅಷ್ಟು ನಿಶ್ಚಿಂತೆ, ಇವರ ಮೇಲೆ.

ಕೃಷ್ಣೆಯ ನೀರನ್ನು ಮೇಲಕ್ಕೆತ್ತಿ ಮುಳವಾಡದ ಬಯಲಿಗೆ ಹರಿಸಿದ ಸರ್ಕಾರಕ್ಕೆ, ನನ್ನ ಗಂಡನನ್ನು ಕೆಳಗಿಳಿಸಿ ಇಂಡಿಗೆ ಕಳಿಸುವುದು ಮಾತ್ರ ಆಗಲಿಲ್ಲ.

ನೀವೇ ಹೋಗಬಹುದಿತ್ತಲ್ಲ ಅಂತೀರಿ. ಅವರೂ ಕರೆದರು. ನನ್ನ ನೌಕರಿ ಬೆಳಗಾವಿ ವಿಭಾಗದ್ದು. ವರ್ಗಾವಣೆ ಅಂದರೆ ಈ ತಾಲೂಕಿನಿಂದ ಆ ತಾಲೂಕಿಗೆ, ಬೆಂಗಳೂರಿಗೆ ಅಲ್ಲ. ಆದರೆ ನಾನು ಹಾಗೆ ಹೇಳಲಿಲ್ಲ. "ನಾ ಬಂದ್ರ ಈ ನಾಲ್ಕು ತಾಲೂಕಿನ ಕನ್ನಡ ಏನಾಗಬೇಕ್ರಿ?" ಎಂದೆ. ಅವರು ನಕ್ಕರು. ಆಮೇಲೆ ಕರೆಯಲಿಲ್ಲ.

ನಮ್ಮ ಸಂಸಾರ ಫೋನಿನಲ್ಲೇ ನಡೆಯಿತು.

"ಏನ್ ಮಾಡಾಕತ್ತಿ, ಶಮ್ಶು?"

"ಏನ್ ಮಾಡಾಕತ್ತಿ ಅಂತ ಕೇಳ್ತೀರಲ್ರಿ! ಉಸಿರಾಡಾಕ ಪುರಸೊತ್ತಿಲ್ಲ ನನಗ. ಬಿಇಓ ಸಾಹೇಬ್ರು ನನ್ನ ಕೇಳಲಾರದ ಒಂದು ಸಹಿ ಹಾಕೂದಿಲ್ಲ. ನಿನ್ನೆ ಮಿನಿಸ್ಟರ್ ಬಂದಿದ್ರು, ಎಲ್ಲಾರನ್ನೂ ಬಿಟ್ಟು ನನ್ನ ಕೂಡ ಚಾ ಕುಡದು ಹೋದ್ರು."

"ಭಾಳ ಚಲೋ ಆತು. ಮುಂದಿನ ವಾರ ಬರ್ಲೇನ?"

"ಬಂದ್ರ ಬರಬಹುದ್ರಿ. ಕೆಲಸ ಇದ್ರ ಬ್ಯಾಡ. ನಿಮ್ಮ ಮಸೂದಿ ಮೊದಲ."

ಕೆಲಸ ಇದ್ದೇ ಇರುತ್ತಿತ್ತು.

ಫೋನ್ ಇಟ್ಟ ಮೇಲೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದೆ: "ನೋಡ್ರಿ, ನನ್ನ ಕೇಳದ ಹೆಜ್ಜಿ ಇಡೂದಿಲ್ಲ ಮನಷ್ಯಾ." ಹೀಗೆ ಇತ್ತ ಊರವರಿಗೆ ಅವರನ್ನು ದೊಡ್ಡದು ಮಾಡಿದೆ, ಅತ್ತ ಅವರಿಗೆ ನನ್ನನ್ನು ದೊಡ್ಡದು ಮಾಡಿಕೊಂಡೆ. ಒಳಗೊಳಗೆ ನನಗೆ ಬೇಕಾಗಿದ್ದು ಒಂದೇ. ಅವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರಬೇಕು, ಮತ್ತೆ ಊರು ಬಿಡಲು ಆ ಚಪ್ಪಲಿ ಮೆಟ್ಟಬಾರದು. ಇದನ್ನು ಯಾರಿಗೂ ಹೇಳಿಲ್ಲ. ನೀವೂ ಹೇಳಬೇಡಿ.

ಒಮ್ಮೆ ಏನಾಯಿತೆಂದರೆ, ಮಗಳು ಹಾಸ್ಟೆಲಿನಲ್ಲಿ ಓದುತ್ತಿದ್ದಾಗ ನಾನು ಸಿಂದಗಿಯಲ್ಲಿ ಹೊನ್ನವ್ವನ ಮನೆಯಲ್ಲಿ ಬಾಡಿಗೆಗಿದ್ದೆ. ಹೊನ್ನವ್ವ ಎಂದರೆ ಮನೆಯೊಡತಿ, ನಡುವೆ ಒಂದೇ ಗೋಡೆ, ಮಾತು ಕೊಡಲಿಯಂಥದ್ದು, ಮನಸ್ಸು ಬೆಣ್ಣೆಯಂಥದ್ದು. ಅಲ್ಲಿಂದ ನನಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಫೋನಿನಲ್ಲಿ ಹೇಳಿದ್ದೆ, ಅವರು ಯಾವುದೋ ತಿದ್ದುಪಡಿಯ ಗುಂಗಿನಲ್ಲಿ ಹೂಂ ಎಂದಿದ್ದರು. ಹಬ್ಬಕ್ಕೆ ಊರಿಗೆ ಬಂದವರು ನೆಟ್ಟಗೆ ಸಿಂದಗಿಯಲ್ಲಿ ಇಳಿದು ಹಳೇ ಬಾಗಿಲು ಬಡಿದಿದ್ದಾರೆ.

"ಸರ, ನಿಮ್ಮ ಹೇಣ್ತಿ ಇಲ್ಲಿಂದ ಹೋಗಿ ತಿಂಗಳಾತು," ಎಂದಳಂತೆ ಹೊನ್ನವ್ವ. "ಕಾಯ್ದಿ ಕಲಿಸೋ ಸರ ನೀವು, ಮನಿ ಯಾವ ಊರಾಗ ಐತಿ ಅನ್ನೂದು ಗೊತ್ತಿಲ್ಲ!"

ರಂಜಾನ್ ಹಬ್ಬದ ಸುರಕುಂಬಾ ಪಾಯಸದ ಬದಲು ಅವಳ ಕೈಯ ಶೇಂಗಾ ಹೋಳಿಗೆ ತಿಂದು, ಮಧ್ಯಾಹ್ನದ ಬಸ್ಸು ಹಿಡಿದು ಮುದ್ದೇಬಿಹಾಳಕ್ಕೆ ಬಂದು ಮುಟ್ಟಿದರು. ನಾನು ಹೊಟ್ಟೆ ಹಿಡಿದು ನಕ್ಕೆ. "ನಿನ್ನ ವಿಳಾಸ ತಿದ್ದುಪಡಿ ಆದದ್ದು ರಾಜ್ಯಪತ್ರದಾಗ ಬಂದಿಲ್ಲಲ್ಲ, ನಾ ಏನ್ ಮಾಡ್ಲಿ?" ಎಂದರು ಅವರೂ ನಗುತ್ತ. ಈ ಸಂಗತಿಯನ್ನು ನಾನು ನಾಲ್ಕು ತಾಲೂಕಿನ ಟೀಚರುಗಳಿಗೆಲ್ಲ ಹೇಳಿ ನಗಿಸಿದ್ದೇನೆ. ಹೇಳುವಾಗ ಪ್ರತಿ ಸಲ ಒಂದೊಂದು ಊರು ಸೇರಿಸುತ್ತಿದ್ದೆ. ಕೊನೆಕೊನೆಗೆ ಅವರು ನನ್ನನ್ನು ಹುಡುಕುತ್ತ ಬೀದರದವರೆಗೂ ಹೋಗಿ ಬಂದಿದ್ದರು.

ಅಂತೂ ಅವರೂ ನಿವೃತ್ತರಾದರು. ನಾನು ಅದಕ್ಕೂ ಮೊದಲೇ ನಿವೃತ್ತಳಾಗಿ ಇಂಡಿಯಲ್ಲಿ ಮನೆ ಕಟ್ಟಿಸಿದ್ದೆ. ಅವರ ಪುಸ್ತಕಗಳಿಗೆಂದು ಮಾಡಿಸಿದ ಕಪಾಟು ಎಷ್ಟು ಉದ್ದವೆಂದರೆ ಒಂದು ತುದಿಯಲ್ಲಿ ನಿಂತರೆ ಇನ್ನೊಂದು ತುದಿಯಲ್ಲಿ ಮಳೆ ಬರುತ್ತಿರುವುದು ಕಾಣಿಸುತ್ತದೆ. ಹಿತ್ತಲಲ್ಲಿ ಲಿಂಬೆ ಗಿಡ ಹಚ್ಚಿದ್ದೆ. ಇಂಡಿಯ ಲಿಂಬೆ ನಿಮಗೆ ಗೊತ್ತೇ ಇದೆ. ನಮ್ಮ ಗಿಡದ್ದು ಕಲ್ಲಂಗಡಿಯಷ್ಟು.

ಬೇಸಿಗೆಯಲ್ಲಿ ಬಂದರು. ಮೊದಲ ವಾರ ಏನು ಮಾಡಬೇಕೆಂದು ತಿಳಿಯದೆ ಬೀದಿಯ ಅಂಗಡಿಗಳ ಬೋರ್ಡು ತಿದ್ದಿಸಿದರು. ಎರಡನೆಯ ವಾರ ಬೆಳಿಗ್ಗೆ ನನ್ನ ಜೊತೆ ಕೂತು ಮೆಂತ್ಯದ ಸೊಪ್ಪು ಬಿಡಿಸಿ ಸೋಸಲು ಕಲಿತರು. ಎಲೆ ಬಿಟ್ಟು ದಂಟು ಉಳಿಸುತ್ತಿದ್ದರು, ಆ ಮಾತು ಬೇರೆ. ಲಿಂಬೆ ಗಿಡದ ನೆರಳಲ್ಲಿ ಕುರ್ಚಿ ಹಾಕಿಕೊಂಡು ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ನಾನು ಒಳಗೆ ಒಗ್ಗರಣೆಗೆ ಸಾಸಿವೆ ಹಾಕುವುದನ್ನು ತಡೆದು ಕೇಳುತ್ತಿದ್ದೆ, ಚಟಪಟದಲ್ಲಿ ಒಂದು ಶಬ್ದ ಕಳೆದುಹೋದೀತೆಂದು. ಮಧ್ಯಾಹ್ನ ಮಲಗಿದರೆ ಗೊರಕೆ. ಆ ಗೊರಕೆಗೆ ಇಂಡಿ ರೋಡ್ ಸ್ಟೇಷನ್ನಿನಲ್ಲಿ ರೈಲು ಬಂತೆಂದು ಜನ ಎದ್ದು ನಿಲ್ಲುತ್ತಿದ್ದರು. ಊರವರಿಗೆ, "ನಿದ್ದಿ ಇಲ್ಲ ನೋಡ್ರಿ, ಈ ಮನಷ್ಯಾ ಬಂದಾಗಿಂದ," ಎಂದು ದೂರುತ್ತಿದ್ದೆ. ದೂರುವುದಕ್ಕೆ ಗಂಡನಿರುವುದು ಎಂಥ ಸುಖ ಎಂದು ನನಗೆ ಗೊತ್ತೇ ಇರಲಿಲ್ಲ.

ಮಳೆಗಾಲ ಹಿಡಿಯುವ ಹೊತ್ತಿಗೆ ಬೆಂಗಳೂರಿನಿಂದ ಫೋನ್ ಬಂತು. ಹಳೆಯ ಕಾಯ್ದೆಗಳನ್ನೆಲ್ಲ ಜನಕ್ಕೆ ತಿಳಿಯುವ ಕನ್ನಡದಲ್ಲಿ ಮತ್ತೆ ಬರೆಸಲು ಒಂದು ಸಮಿತಿ; ಇವರೇ ಅಧ್ಯಕ್ಷರು; ಮೂರು ವರ್ಷ. ಸೋಮವಾರದೊಳಗೆ ಉತ್ತರ ಹೇಳಬೇಕು.

ಇವರು ಫೋನನ್ನು ಅಂಗೈಯಲ್ಲಿ ಹಿಡಿದುಕೊಂಡೇ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ಮುಖದಲ್ಲಿ ಒಂದು ಬೆಳಕಿತ್ತು, ಅದನ್ನು ಮುಚ್ಚಿಡಲು ಅವರಿಗೆ ಬರುವುದಿಲ್ಲ. ಜೊತೆಗೆ ಒಂದು ಅಂಜಿಕೆಯೂ ಇತ್ತು.

"ನೀ ಏನಂತಿ, ಶಮ್ಶು?"

"ನಾ ಏನ್ ಅನ್ಲಿ? ನೀವು ಬರೂಕಿಂತ ಮೊದಲ ನಾ ಇಲ್ಲಿ ರಾಣಿ ಇದ್ದಂಗ ಇದ್ದೆ. ನೀವು ಹೋದ್ರ ಮತ್ತ ರಾಣಿ ಆಗ್ತೇನಿ."

"ಚ್ಯಾಷ್ಟಿ ಬ್ಯಾಡ. ಸೋಮವಾರದ ತನಕ ಟೈಮ್ ಐತಿ. ವಿಚಾರ ಮಾಡಿ ಹೇಳು."

ಆ ಶನಿವಾರ ಸಿಂದಗಿಯ ಒಂದು ಕಾಲೇಜಿನಲ್ಲಿ ಅವರ ಭಾಷಣವಿತ್ತು. ಕಾನೂನಿನ ಕನ್ನಡದ ಬಗ್ಗೆ. ನಾನೂ ಹೋದೆ. ಸಭೆ ಕಿಕ್ಕಿರಿದು, ಜಾಗ ಸಾಲದೆ ಹುಡುಗರು ಫ್ಯಾನಿನ ಮೇಲೆಲ್ಲ ಕೂತಿದ್ದರು. ಇವರು ಮೈಕಿನ ಮುಂದೆ ನಿಂತು ಹೇಳಿದರು:

"ಕನ್ನಡದಲ್ಲಿ ಕಾನೂನು ಬರೆಯುವವನ ಜೀವ ಎರಡು ಪದಗಳಲ್ಲಿ ಇರುತ್ತದೆ. ಒಂದು 'ತಕ್ಕದ್ದು', ಇನ್ನೊಂದು 'ಬಹುದು'. ಅಧಿಕಾರಿಯು ಪರವಾನಗಿ ನೀಡತಕ್ಕದ್ದು ಎಂದು ಬರೆದರೆ ಅವನು ಕೊಡಲೇಬೇಕು, ತಪ್ಪಿಸಿಕೊಳ್ಳುವಂತಿಲ್ಲ. ನೀಡಬಹುದು ಎಂದು ಬರೆದರೆ ಕೊಟ್ಟರೂ ಸರಿ, ಬಿಟ್ಟರೂ ಸರಿ. ಅವನ ವಿವೇಚನೆ. ಒಂದು ಪದ ಆ ಕಡೆ ಈ ಕಡೆಯಾದರೆ ಜನರ ಬದುಕು ಆ ಕಡೆ ಈ ಕಡೆಯಾಗುತ್ತದೆ."

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: "ಸರ, ನಿಮ್ಮ ಮನ್ಯಾಗ ಯಾವ ಪದ ನಡೀತೈತ್ರಿ?"

ಸಭೆ ಹೋ ಎಂದಿತು. ಇವರು ನನ್ನ ಕಡೆ ನೋಡಿ, ಪುಸ್ತಕದ ಭಾಷೆ ಬಿಟ್ಟು, "ನಮ್ಮ ಅಕ್ಕೋರು ಇಷ್ಟು ವರ್ಷದಾಗ ನನಗ ಒಮ್ಮೆನೂ 'ಬರತಕ್ಕದ್ದು' ಅಂದಿಲ್ಲವಾ. 'ಬರಬಹುದು' ಅಂತಾರ. ನಾ ಪೂರಾ ವಿವೇಚನಾಧಿಕಾರದ ಮ್ಯಾಲ ಸಂಸಾರ ಮಾಡಿದ ಮನಷ್ಯಾ," ಎಂದರು.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ಮಾಡಿನಲ್ಲಿದ್ದ ಪಾರಿವಾಳಗಳು ಎದ್ದು ಬಾಗೇವಾಡಿಯ ಕಡೆಗೆ ಹಾರಿಹೋದವು. ಇವರೂ ನಕ್ಕರು. ಆದರೆ ನಗು ಮುಗಿದ ಮೇಲೂ ಒಂದು ಕ್ಷಣ ನನ್ನನ್ನೇ ನೋಡುತ್ತಿದ್ದರು, ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವ ಮಾಸ್ತರರ ಹಾಗೆ.

'ಬಹುದು' ಬಂದರೆ ಅದು ಸಾಧ್ಯತೆ ಇಲ್ಲವೇ ಅನುಮತಿ ಎಂದು ಹುಡುಗರಿಗೆ ವ್ಯಾಕರಣ ಕಲಿಸಿದವಳು ನಾನೇ. ಆದರೆ ನಮ್ಮ ಕಡೆಯ ಹೆಂಗಸು ದೂರದಲ್ಲಿರುವ ಗಂಡನಿಗೆ 'ಬಂದ್ರ ಬರಬಹುದ್ರಿ' ಅಂದರೆ ಅದು ಯಾವ ವ್ಯಾಕರಣದ ಪುಸ್ತಕದಲ್ಲೂ ಇಲ್ಲದ ಅರ್ಥ. ನಾನು ಬೇಡುವವಳಲ್ಲ, ನೀವೇ ತ್ರಾಸು ತಗೊಂಡು ಬನ್ನಿ, ಬಾರದಿದ್ದರೆ ನನ್ನೊಳಗೆ ಏನಾಗುತ್ತದೆಂದು ಕೇಳಬೇಡಿ ಅಂತ. ಹೊರ್ತಿಯಲ್ಲಿ ಹುಟ್ಟಿದ ಮನುಷ್ಯ ಇದನ್ನು ವಿವೇಚನೆ ಎಂದು ಓದಿದ್ದರು. ಬೆಂಗಳೂರಿನ ನೀರು ಕುಡಿದ ಫಲ.

ಭಾಷಣ ಮುಗಿದದ್ದೇ ತಡ, ಹೊನ್ನವ್ವ ಬಂದು ನಮ್ಮಿಬ್ಬರನ್ನೂ ರಟ್ಟೆ ಹಿಡಿದು ಮನೆಗೆ ಎಳೆದುಕೊಂಡು ಹೋದಳು. ವಯಸ್ಸು ಎಂಬತ್ತು ದಾಟಿದ್ದರೂ ಕಂಬದ ಹಾಗೆ ನೆಟ್ಟಗಿದ್ದಳು. ಚುರಮುರಿ ಸೂಸಲಾ, ಮಿರ್ಚಿ, ಚಮಚ ಇಟ್ಟರೆ ಬೀಳದಷ್ಟು ಗಟ್ಟಿ ಚಹಾ. ಕುಡಿಯುತ್ತ ಕೂತಾಗ ಅವಳು ಒಮ್ಮೆಲೇ ಕೇಳಿದಳು:

"ಸರ, ಒಂದ್ ಮಾತ ಐತ್ರಿ. ಅಕ್ಕೋರು ನಮ್ಮ ಮನ್ಯಾಗ ಬಾಡಿಗಿ ಇದ್ದಾಗ ಸಂಜಿ ಆತಂದ್ರ ಗ್ವಾಡಿ ಆಚಿಕಡೆ ಕುಂತು ಜೋರಾಗಿ ಓದ್ತಿದ್ರು. 'ತಕ್ಕದ್ದು, ತಕ್ಕದ್ದು' ಅಂತ. ನಾ ಮಗ್ಗಿ ಹೇಳಾಕತ್ತಾರ ಅಂತ ತಿಳಕೊಂಡಿದ್ದೆ."

"ಏನ್ ಓದ್ತಿದ್ಲು?"

"ಸರ್ಕಾರದ ಕಾಯ್ದಿ ಪುಸ್ತಕ್ರಿ. ಕೇಳಿದ್ರ ಏನಂದ್ರು ಗೊತ್ತೇನ್ರಿ? 'ಬರದವರ ಹೆಸರ ಇದರಾಗ ಇರೂದಿಲ್ಲ ಹೊನ್ನವ್ವಾ, ಆದ್ರ ನೋಡ, ಇಲ್ಲಿ ಹಾದಿ ಅಂತ ಐತಿ. ಬ್ಯಾರೆಯವ್ರಾದ್ರ ಮಾರ್ಗ ಅಂತ ಬರೀತಿದ್ರು. ಇದು ಇವ್ರದ ಕೈ' ಅಂದ್ರು. ಒಂದು ಹಾದಿ ಸಿಕ್ಕಿತಂದ್ರ ಅವತ್ತು ಹಾಡ ಅಂದ್ಕೋತ ರೊಟ್ಟಿ ಮಾಡೋರು. ಸಿಗಲಿಲ್ಲಂದ್ರ ಒಲಿ ಹೊತ್ತಸ್ತಿದ್ದಿಲ್ಲ."

ಇವರು ಚಹಾದ ಬಟ್ಟಲನ್ನು ಕೆಳಗಿಟ್ಟರು. "ಖರೇನ, ಶಮ್ಶು?"

ನಾನು ಎದ್ದು ನಿಂತೆ. ಸಿಂದಗಿ ಪೇಟೆಯ ತನಕ ಕೇಳುವ ಹಾಗೆ, "ಖರೆ! ಇನ್ನ ಮ್ಯಾಲ ನೀವು ಇಂಡ್ಯಾಗ ಇರತಕ್ಕದ್ದು! ಎಲ್ಲಿಗೂ ಹೋಗತಕ್ಕದ್ದಲ್ಲ!" ಎಂದೆ. ಅವರ ಕಣ್ಣಿಂದ ನೀರು ಇಳಿದು ಬಟ್ಟಲಿನ ಚಹಾ ತುಂಬಿ ಚೆಲ್ಲಿತು. ಅಲ್ಲಿಂದಲೇ ಬೆಂಗಳೂರಿಗೆ ಫೋನ್ ಹಚ್ಚಿ, "ಕ್ಷಮಿಸ್ರಿ, ಮ್ಯಾಲಿನ ಕೋರ್ಟಿನಿಂದ ತಡೆಯಾಜ್ಞೆ ಬಂದೈತಿ," ಎಂದರು. ಆ ದಿನದಿಂದ ಅವರು ಇಂಡಿ ಬಿಟ್ಟು ಕದಲಿಲ್ಲ. ಈಗಲೂ ಒಳಗೆ ಮಲಗಿದ್ದಾರೆ.

ಇಷ್ಟನ್ನೂ ಮೊನ್ನೆ ರಾಜಶ್ರೀಗೆ ಹೀಗೆಯೇ, ಒಂದಕ್ಷರ ಬಿಡದೆ ಹೇಳಿದೆ. ರಾಜಶ್ರೀ ಈಗ ಇಂಡಿಯ ನಮ್ಮ ಹೈಸ್ಕೂಲಿನಲ್ಲಿ ನನ್ನ ಜಾಗದಲ್ಲಿ ಕನ್ನಡ ಕಲಿಸುವವಳು. ಸಂವಿಧಾನ ದಿನಕ್ಕೆ ಹೊರ್ತಿ ಸರ ಬಂದು ಎರಡು ಮಾತಾಡಬೇಕು ಎಂದು ಕರೆಯಲು ಬಂದಿದ್ದಳು. ಸರ ಊರಾಗ ಅದಾರೇನ್ರಿ ಎಂದು ಕೇಳಿದ್ದಕ್ಕೆ ನಾನು ಇಷ್ಟು ಹೇಳಬೇಕಾಯಿತು. ಅವಳು ಬಾಯಿ ತೆರೆದುಕೊಂಡು ಕೇಳಿ, ಕೊನೆಗೆ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು.

"ಎಷ್ಟ್ ಚಂದ್ರಿ ಅಕ್ಕೋರ! ಹಂಗಾದ್ರ ಸರ ಎದ್ದ ಮ್ಯಾಲ ಒಂದ್ ಮಾತ ಕೇಳೇ ಹೋಗ್ತೇನ್ರಿ."

"ಎಬ್ಬಸೂದು ಬ್ಯಾಡವಾ. ನಾ ಹೇಳಿದ್ರ ಆತು, ಬಂದಽ ಬರ್ತಾರ."

ಆಗಲೇ ಹಿಂದಿನಿಂದ ಧ್ವನಿ ಬಂತು. "ಅಮ್ಮಾ, ಯಾವ ಹೊನ್ನವ್ವ?"

ನನ್ನ ಮಗಳು ಇರಮ. ಬಸವನ ಬಾಗೇವಾಡಿಯಲ್ಲಿ ದನದ ಡಾಕ್ಟರು. ರಜೆಗೆ ಬಂದವಳು ಯಾವಾಗ ಒಳಗೆ ಬಂದಳೋ, ಎಲ್ಲಿಂದ ಕೇಳಿಸಿಕೊಂಡಳೋ, ಹೆಗಲ ಚೀಲವನ್ನೂ ಇಳಿಸದೆ ಬಾಗಿಲಲ್ಲಿ ನಿಂತಿದ್ದಳು.

"ಸಿಂದಗಿ ಹೊನ್ನವ್ವ. ಬ್ಯಾರೆ ಯಾರ ಅದಾರ?"

"ಹೊನ್ನವ್ವ ಆಯಿ ತೀರಕೊಂಡು ಎರಡು ವರ್ಷ ಆತಲ್ಲ. ನೀನಽ ಮಣ್ಣಿಗೆ ಹೋಗಿ ಅತ್ತು ಬಂದಿ. ನಾನಽ ಕರಕೊಂಡು ಹೋಗಿದ್ದೆ."

ರಾಜಶ್ರೀ ನನ್ನ ಮುಖ ನೋಡಿದಳು.

"ಆಕಿ ಅಲ್ಲವಾ, ಆಕಿ ತಂಗಿ," ಎಂದೆ.

"ಆಯಿಗೆ ತಂಗಿ ಇದ್ದಿಲ್ಲ."

"ದೂರದ ತಂಗಿ."

"ಮತ್ತ ಒಳಗ ಮಲಗಿದವ್ರು ಅಬ್ಬಾನ ದೂರದ ತಮ್ಮ ಏನ?" ಎಂದು ಇರಮ ಕೋಣೆಯ ಬಾಗಿಲು ನೂಕಿದಳು. ಮಂಚದ ಮೇಲೆ ಒಣಗಿಸಿ ತಂದ ಅರಿವೆಗಳ ಗುಡ್ಡೆಯಿತ್ತು. ಅದಕ್ಕೆ ಗೊರಕೆ ಬರಿಸಲು ನನ್ನಿಂದಲೂ ಆಗಲಿಲ್ಲ. "ಅಬ್ಬಾ ಬೆಂಗಳೂರಾಗ ಅದಾರ್ರಿ ಮೇಡಂ. ಮಳಿಗಾಲದಾಗ ಹೋದವ್ರು ಇನ್ನೂ ಬಂದಿಲ್ಲ."

"ಇರ್ಲಿ ಬಿಡ್ರಿ," ಎಂದಳು ರಾಜಶ್ರೀ ಮೆಲ್ಲಗೆ. "ಸರ ಇಲ್ಲಂದ್ರ ಭಾಷಣಕ್ಕ ನೀವಽ ಬರ್ರಿ, ಅಕ್ಕೋರ." ಅವಳು ಅಷ್ಟು ಮೆತ್ತಗೆ ಹೇಳಿದ್ದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಬೈದಿದ್ದರೆ ಇನ್ನೊಂದು ಸುಳ್ಳು ಹುಟ್ಟುತ್ತಿತ್ತು.

ಇರಮ ಚೀಲ ಇಳಿಸಿ ನನ್ನ ಪಕ್ಕದಲ್ಲಿ ಕೂತಳು. "ಎಲ್ಲಿಂದ ಸುಳ್ಳು ಚಾಲೂ ಆತು, ಹೇಳು."

"ಚಹಾದಿಂದ. ಭಾಷಣ ಖರೆ. ನಗಿ ಖರೆ."

"ಭಾಷಣ ಮುಗದ ಮ್ಯಾಲ ಏನಾತು?"

ಆದದ್ದು ಇಷ್ಟೇ. ಬಾಡಿಗೆ ಕಾರಿನಲ್ಲಿ ಸಿಂದಗಿಯಿಂದ ಇಂಡಿಗೆ ಮರಳುತ್ತಿದ್ದೆವು. ಎರಡೂ ಬದಿಗೆ ತೊಗರಿ ಆಗಷ್ಟೇ ಮೊಳೆತಿತ್ತು. ಇವರು ಕಿಟಕಿಯ ಹೊರಗೆ ನೋಡುತ್ತಲೇ, "ಹೋಗ್ಲೇನ, ಶಮ್ಶು?" ಎಂದರು. ಆಗತಾನೇ ಆ ಎರಡು ಪದಗಳನ್ನು ಸಭೆಯ ಮುಂದೆ ತೂಗಿ ಇಟ್ಟವರು. ನಾನು ಯಾವುದನ್ನು ಎತ್ತಿಕೊಳ್ಳುತ್ತೇನೆಂದು ಕಾಯುತ್ತಿದ್ದರು. ಅದು ನನಗೂ ಗೊತ್ತಿತ್ತು.

"ಹೋಗಬಹುದ್ರಿ," ಎಂದೆ.

ಸೋಮವಾರ ಸಂಜೆ ಬಸ್ಸಿಗೆ ಹೋದರು. ನಾನು ಬುತ್ತಿ ಕಟ್ಟಿಕೊಟ್ಟು, ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರನಿಗೆ, ಇವರು ಯಾರು ಗೊತ್ತೇನಪಾ ನಿನಗ ಎಂದು ಬಡಾಯಿ ಕೊಚ್ಚಿ ಬಂದೆ.

"ಗ್ವಾಡಿ ಆಚಿ ಓದಿದ್ದು? ಅದೂ ಸುಳ್ಳೇನ?" ಇರಮ ಕೇಳಿದಳು.

"ಅದು ಖರೆ. ಹೊನ್ನವ್ವಗ ಒಬ್ಬಾಕಿಗೆ ಗೊತ್ತಿತ್ತು. ಆಕಿ ಇದ್ದಿದ್ರ ಅವತ್ತು ಖರೇನ ಹೇಳಿಬಿಡ್ತಿದ್ಲು. ಅದಕ್ಕಽ ಆಕಿ ಬಾಯಾಗ ಹಾಕಿದೆ."

"ಅಬ್ಬಾಗ ನೀನಽ ಯಾಕ ಹೇಳಲಿಲ್ಲ? ಇಷ್ಟು ವರ್ಷ?"

"ಹೇಳಿದ್ರ ಬಂದುಬಿಡ್ತಿದ್ರು, ಇರಮಾ. ಅದಽ ಅಂಜಿಕಿ. ಆವಾಗ ಬಂದಿದ್ರ ಇಂಡಿ ಕೋರ್ಟಿನ ಮುಂದ ಕುಂತು ಮಂದೀಗೆ ಅರ್ಜಿ ಬರಕೊಡ್ತಿದ್ರು. ಆ ಪುಸ್ತಕದಾಗಿನ ಹಾದಿ ಎಲ್ಲಾ ಮಾರ್ಗ ಆಗಿಬಿಡ್ತಿದ್ವು. ನನ್ನಿಂದ ಅವರು ಸಣ್ಣವ್ರಾದ್ರು ಅಂತ ಆಗಬಾರದಿತ್ತು."

"ಈಗ?"

ಈಗ ಆ ಅಂಜಿಕೆ ಇಲ್ಲ. ನಾಲಗೆಗೆ ರೂಢಿ ಮಾತ್ರ ಉಳಿದಿದೆ. ಇರಮ ತನ್ನ ಫೋನ್ ತೆಗೆದು, ಒತ್ತಿ, ನನ್ನ ತೊಡೆಯ ಮೇಲೆ ಇಟ್ಟಳು. ಬೇಡ ಅನ್ನುವುದರೊಳಗೆ ಆ ಕಡೆ ಎತ್ತಿಕೊಂಡಾಗಿತ್ತು. ರಾಜಶ್ರೀ ಏಳಲು ನೋಡಿದಳು. ನಾನೇ ಅವಳ ಕೈ ಹಿಡಿದು ಕೂಡಿಸಿಕೊಂಡೆ. ಹಿಡಿದುಕೊಳ್ಳಲು ಏನಾದರೊಂದು ಬೇಕಾಗಿತ್ತು.

"ಹಲೋ, ಇರಮಾ? ಅಮ್ಮಾ ಆರಾಮ ಅದಾಳಿಲ್ಲೋ?"

"ನಾನಽ ಇದ್ದೇನ್ರಿ," ಎಂದೆ.

"ಓ, ಶಮ್ಶು! ಎಲ್ಲಾ ಆರಾಮ?"

ಬಾಯಿಗೆ ಎಲ್ಲವೂ ಸಾಲುಗಟ್ಟಿ ಬಂದು ನಿಂತವು. ನಾನು ಆರಾಮ, ಇಂಡಿಯೇ ಆರಾಮ, ಸಂವಿಧಾನ ದಿನಕ್ಕೆ ನನ್ನನ್ನೇ ಭಾಷಣಕ್ಕೆ ಕರೆದಿದ್ದಾರೆ, ಡೀಸಿ ಸಾಹೇಬರು ಕಾರು ಕಳಿಸುತ್ತಾರೆ. ಒಂದೊಂದನ್ನೇ ನುಂಗಿದೆ.

"ಇಲ್ರಿ," ಎಂದೆ. "ಆರಾಮಿಲ್ಲ."

"ಏನಾತು? ಜ್ವರ ಬಂದಾವೇನ? ದವಾಖಾನಿಗೆ ಹೋಗಿದ್ದಿಲ್ಲೋ?"

"ಜ್ವರ ಇಲ್ರಿ, ಏನೂ ಇಲ್ಲ. ನಿಮ್ಮ ನೆನಪ ಭಾಳ ಆಗ್ತೈತಿ. ಇವತ್ತಿಂದ ಅಲ್ಲ, ಮೊದಲಿಂದ ಆಗ್ತೈತಿ. ದೊಡ್ಡ ದೊಡ್ಡ ಮಾತಾಡಿ ಮುಚ್ಚಿ ಇಟ್ಟಿದ್ದೆ. ಕಾರಿನ್ಯಾಗ ನೀವು ಕೇಳಿದಾಗ ಹೋಗಬ್ಯಾಡ್ರಿ ಅನ್ನೂದಿತ್ತು, ಅನ್ನಲಿಲ್ಲ. ರಾಣಿ ಇದ್ದಂಗ ಇದ್ದೆ ಅಂದಿದ್ದು ಸುಳ್ಳು. ಒಬ್ಬಾಕಿಗೆ ಇರಾಕ ಬರೂದಿಲ್ರಿ ನನಗ. ಯಾವತ್ತೂ ಬಂದಿಲ್ಲ."